ಗೆರೆ ದಾಟಿದ ಓದು

ಕಳೆದ ತಿಂಗಳು ಪಾಳಾ ಎಂಬ ಊರಿನ ಹತ್ತಿರ ಒಂದು ಅಂಗನವಾಡಿಯಲ್ಲಿ ಕೂಸುಗಳಿಗೆ ಚುಚ್ಚುಮದ್ದು ಹಾಕುತ್ತಿದ್ದೆ. ಹೊರಗೆ ಜಡಿಮಳೆ. ಹಾಡಹಗಲೇ ಮಬ್ಬು ಕವಿದು ಕರೆಂಟೂ ಹೋಯಿತು. ಅಲ್ಲಿಯ ಸಹಾಯಕಿ ಒಂದು ಮೇಣದಬತ್ತಿ ಹಚ್ಚಿ, ಡಬ್ಬಿಯ ಮುಚ್ಚಳಕ್ಕೆ ಅಂಟಿಸಿ ನನ್ನ ಮುಂದಿಟ್ಟಳು. ಬಾಗಿಲ ಬಳಿ ತೊಯ್ದ ಕೊಡೆಗಳು, ತಾಯಂದಿರು ತಲೆಯಿಂದ ಇಳಿಸಿದ ಗೊಬ್ಬರದ ಚೀಲದ ಕೊಪ್ಪೆಗಳು, ನೀರಿಳಿಯುವ ಸೆರಗುಗಳು. ಕರಗುವ ಮೇಣದ ವಾಸನೆ ಆ ಒದ್ದೆ ಬಟ್ಟೆಗಳ ವಾಸನೆಯೊಂದಿಗೆ ಸೇರಿ ಮೂಗಿಗೆ ಬಂದದ್ದೇ ನನ್ನ ಕೈ ಅರ್ಧಕ್ಕೆ ನಿಂತಿತು.

“ಯಾಕ್ರೀ ಅಕ್ಕಾರ, ಕಾಣವಲ್ದೇನ್ರಿ?” ಕೂಸಿನ ತೊಡೆ ಹಿಡಿದು ಕೂತಿದ್ದ ತಾಯಿ ಕೇಳಿದಳು.

“ಕಾಣತೈತಿ” ಎಂದು ಸೂಜಿ ಚುಚ್ಚಿದೆ. ಕೂಸು ಅತ್ತಿತು, ಮುಂದಿನ ಕೂಸು ಬಂತು, ಕೆಲಸ ಸಾಗಿತು. ಆದರೆ ಮನೆಗೆ ಬಂದ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಚಹಾ ಇಟ್ಟು ಮರೆತೆ, ಉಕ್ಕಿ ಹೋಯಿತು. ಆ ವಾಸನೆ ಹಳಿಯಾಳ ತಾಲೂಕಿನ ಒಂದು ಸಣ್ಣ ಚರ್ಚಿನದು. ನನ್ನ ಮೊದಲ ನೌಕರಿಯ ಮೊದಲ ಮಳೆಗಾಲದ್ದು.

ನಮ್ಮ ಮನೆ ದಾಂಡೇಲಿಯ ಅಂಬೇವಾಡಿಯಲ್ಲಿ. ಅಪ್ಪ ಧಾರವಾಡದ ಕಡೆಯಿಂದ ಕಾಗದದ ಕಾರ್ಖಾನೆಯ ಕೆಲಸಕ್ಕೆ ಬಂದು ಅಲ್ಲೇ ನಿಂತವರು. ನರ್ಸಿಂಗ್ ಮುಗಿಸಿದ ನನಗೆ ಸಿಕ್ಕಿದ್ದು ಹಳಿಯಾಳದಿಂದ ಒಳಗೆ, ಕಾಡಿನ ಅಂಚಿನ ಒಂದು ಊರಿನ ಆರೋಗ್ಯ ಉಪಕೇಂದ್ರ. ಎರಡು ಕೋಣೆ, ಒಂದು ತೂಕದ ತಕ್ಕಡಿ, ಒಂದು ಔಷಧದ ಕಪಾಟು. ಒಂದು ಕೋಣೆಯಲ್ಲಿ ನಾನೇ ಇರುತ್ತಿದ್ದೆ. ಊರಲ್ಲಿ ಸಿದ್ದಿಗಳ ಮನೆಗಳೇ ಹೆಚ್ಚು. ಒಂದೇ ಓಣಿಯಲ್ಲಿ ಚರ್ಚಿಗೆ ಹೋಗುವವರೂ ಇದ್ದರು, ದರ್ಗಾಕ್ಕೆ ಹೋಗುವವರೂ, ಗುಡಿಗೆ ಹೋಗುವವರೂ. ಉಪಕೇಂದ್ರದ ಹಿಂದಿನ ಮನೆಯೇ ಫಿಲೋಮಿನಾಳದು.

ಅವಳು ಎತ್ತರದ, ಗಟ್ಟಿ ಮೈಯ ಹೆಂಗಸು. ಹಳಿಯಾಳದ ಬೋರ್ಡಿಂಗಿನಲ್ಲಿದ್ದು ಹತ್ತನೆಯ ತರಗತಿಯವರೆಗೆ ಓದಿದ್ದಳು. ಭಾನುವಾರದ ಪೂಜೆಯಲ್ಲಿ ಬೈಬಲ್ ಓದುವ ಕೆಲಸ ಅವಳದು. ನಾನು ಚರ್ಚಿನ ಒಳಗೆ ಹೋಗದಿದ್ದರೂ ಅವಳ ದನಿ ನನ್ನ ಕೋಣೆಯವರೆಗೆ ಕೇಳುತ್ತಿತ್ತು, ಮೈಕು ಇಲ್ಲದೆಯೂ. ಗಂಡ ಇನಾಸ ಗೋವಿನಜೋಳ ಬೆಳೆಯುತ್ತಿದ್ದ, ಬಿಡುವಿದ್ದಾಗ ಕೂಲಿಗೆ ಹೋಗುತ್ತಿದ್ದ. ಮಾತು ಕಡಿಮೆ. ಅತ್ತೆ ರೋಜಿ ಆಯಿ ಮನೆಯಲ್ಲಿ ಕೂತು ಹಳೆಯ ಸೀರೆಗಳನ್ನು ಹರಿದು ಕವದಿ ಹೊಲಿಯುತ್ತಿದ್ದಳು. ಮದುವೆಯಾಗಿ ಬಹಳ ವರ್ಷಗಳಾಗಿದ್ದರೂ ಅವರಿಗೆ ಮಕ್ಕಳಿರಲಿಲ್ಲ. ನಾನು ಆ ಊರಿಗೆ ಬಂದ ಚಳಿಗಾಲದಲ್ಲಿ ಫಿಲೋಮಿನಾ ಬಸುರಿ.

“ಒಂದು ದಿನ ಓದೂದು ಮುಗಿದ ಮ್ಯಾಲೆ ಎಲ್ಲಾರೂ ಮನೀಗೆ ಹೋದ್ರು, ನಾ ಒಬ್ಬಾಕಿನ ಕುಂತೆ” ಎಂದು ಅವಳು ನನಗೆ ಹೇಳಿದ್ದಳು. “ತುಟಿ ಅಲ್ಲಾಡ್ತಿದ್ವು, ದನಿ ಹೊರಗ ಬರ್ತಿರಲಿಲ್ಲ. ಹಳೇ ಪುಸ್ತಕದಾಗ ಹಿಂಗs ಒಬ್ಬಾಕಿ ಅದಾಳ್ರಿ ಅಕ್ಕಾರ. ಮಕ್ಕಳಿಲ್ದಾಕಿ. ಗುಡಿಯಾಗ ಕುಂತು ತುಟಿ ಅಲ್ಲಾಡಿಸೂದ ನೋಡಿ ಅಲ್ಲಿ ಪೂಜಾರಿ, ಈಕಿ ಕುಡದ ಬಂದಾಳ ಅಂತ ತಿಳಕೊಂಡ. ಆಕೀಗೂ ಕೊಟ್ಟ, ನನಗೂ ಕೊಟ್ಟ ನೋಡ್ರಿ ದೇವರು.”

ಹಳಿಯಾಳದಲ್ಲಿ ಸ್ಕ್ಯಾನ್ ಮಾಡಿಸಿದಾಗ ಅವಳಿ ಎಂದು ಗೊತ್ತಾಯಿತು. ರೋಜಿ ಆಯಿ ಎರಡು ಪುಟ್ಟ ಕವದಿ ಹೊಲಿಯತೊಡಗಿದಳು. ಇನಾಸ, ಹೆರಿಗೆ ಸುಸೂತ್ರವಾದರೆ ಕೃತಜ್ಞತೆಯ ಪೂಜೆ ಮಾಡಿಸಿ ಇಡೀ ಊರಿಗೆ ಊಟ ಹಾಕುವುದಾಗಿ ಹರಕೆ ಹೊತ್ತ.

ಆಗಷ್ಟೇ ಮಳೆ ಹಿಡಿದಿತ್ತು. ದಿನ ತುಂಬುವ ಮೊದಲೇ ಅವಳಿಗೆ ನೋವು ಬಂತು. ಆಂಬುಲೆನ್ಸಿನಲ್ಲಿ ನಾನೂ ಹೋದೆ. ಹಳಿಯಾಳದ ಆಸ್ಪತ್ರೆಯಲ್ಲಿ ಮೊದಲು ಗಂಡು, ಆಮೇಲೆ ಹೆಣ್ಣು. ಹೊರಗಿನ ಪಡಸಾಲೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ ಇನಾಸನಿಗೆ ಸುದ್ದಿ ಹೇಳಿದವಳು ನಾನು.

“ಇನಾಸಣ್ಣ, ಮಗ ಹುಟ್ಟಿದ. ಮಗಳೂ ಹುಟ್ಟಿದಳು.”

ಅವನು ನನ್ನ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡ. ಮರುಕ್ಷಣ ಮಳೆಯಲ್ಲೇ ಓಡಿಹೋಗಿ ಪೇಡೆಯ ಪೆಟ್ಟಿಗೆ ತಂದು, ಕಂಡ ಕಂಡವರಿಗೆಲ್ಲ ಹಂಚಿದ. ಕಸ ಗುಡಿಸುವವಳಿಗೆ ಎರಡು ಸಲ ಕೊಟ್ಟ.

ಹುಡುಗಿ ಸಣ್ಣಗಿದ್ದರೂ ಗಟ್ಟಿಯಾಗಿದ್ದಳು. ಹುಡುಗನಿಗೆ ಉಸಿರು ಸರಿಯಾಗಿ ಹಿಡಿಯಲಿಲ್ಲ. ಮರುದಿನ ಬೆಳಿಗ್ಗೆ ಅವನನ್ನು ಧಾರವಾಡಕ್ಕೆ ಒಯ್ಯಬೇಕೆಂದರು. ಫಿಲೋಮಿನಾ ಏಳುವ ಸ್ಥಿತಿಯಲ್ಲಿರಲಿಲ್ಲ. ಅವಳ ಬಳಿ ಇನಾಸ ಉಳಿದ. ಹುಡುಗನ ಜೊತೆ ರೋಜಿ ಆಯಿ ಹೊರಟಳು. ಹೊರಡುವಾಗ ನನ್ನ ತೋಳು ಹಿಡಿದು, “ನೀವೂ ಬರ್ರಿ ನರ್ಸಬಾಯಿ, ನನಗ ಧೈರ್ಯ ಆಗವಲ್ದು” ಎಂದಳು. ಹೋದೆ.

ಹಳಿಯಾಳ ದಾಟಿ ಸ್ವಲ್ಪ ದೂರ ಹೋಗಿದ್ದೆವು. ಆಂಬುಲೆನ್ಸಿನ ಸಿಬ್ಬಂದಿ ಆಕ್ಸಿಜನ್ ನಳಿಕೆ ಹಿಡಿದಿದ್ದರು. ಕೂಸು ನನ್ನ ತೊಡೆಯ ಮೇಲಿತ್ತು, ಆಯಿಯ ಕವದಿಯಲ್ಲಿ. ತುಟಿಯ ಬಣ್ಣ ಬದಲಾಗುವುದನ್ನು ನಾನೂ ನೋಡಿದೆ, ಆಯಿಯೂ ನೋಡಿದಳು. ಅವಳು ಚೀಲದಿಂದ ನೀರಿನ ಬಾಟಲಿ ತೆಗೆದು ನನ್ನ ಮುಂದೆ ಹಿಡಿದಳು.

“ನೀರು ಹಾಕ್ರಿ, ನರ್ಸಬಾಯಿ.”

“ಈಗ ನೀರು ಕುಡಿಸಬಾರದು ಆಯಿ.”

“ಬಾಯಾಗ ಅಲ್ರಿ, ತಲೀಮ್ಯಾಲೆ. ಹೆಸರಿಡಬೇಕು ಅವಂಗ. ಫಾದರ್ ಇಲ್ಲದಾಗ ಯಾರರ ಹಾಕಬಹುದು. ನನ್ನ ಕೈ ನಡಗಾಕತ್ತಾವು, ನೀವು ಹಾಕ್ರಿ.”

“ಆಯಿ, ನಾ ನಿಮ್ಮ ಮತದಾಕಿ ಅಲ್ಲ.”

“ನೀರಿಗೆ ಅದು ಗೊತ್ತಾಗೂದಿಲ್ರಿ. ಲಗೂನ ಹಾಕ್ರಿ.”

ಬಾಟಲಿಯ ಮುಚ್ಚಳಕ್ಕೆ ನೀರು ಸುರಿದುಕೊಂಡೆ. ಅವಳು ಹೇಳಿಕೊಟ್ಟ ಹಾಗೆ, ಪಿತನ, ಸುತನ, ಪವಿತ್ರಾತ್ಮನ ಹೆಸರಲ್ಲಿ, ಆ ಮೃದು ನೆತ್ತಿಯ ಮೇಲೆ ಹನಿಸಿದೆ. ಅಜ್ಜನ ಹೆಸರೇ ಇಡಿ ಎಂದಳು: ಬಸ್ತ್ಯಾಂವ. ನಾನು ಬಸ್ತ್ಯಾಂವ ಎಂದೆ. ಕೂಸು ಕಣ್ಣು ತೆರೆಯಲಿಲ್ಲ. ಇನ್ನೂ ಕೆಲವು ಸಲ ಎದೆ ಎದ್ದಿತು. ಆಮೇಲೆ ಏಳಲಿಲ್ಲ. ಸಿಬ್ಬಂದಿ ಎದೆ ಒತ್ತಿದರು, ಮತ್ತೆ ಒತ್ತಿದರು, ಕೊನೆಗೆ ನನ್ನ ಮುಖ ನೋಡಿ ಕೈ ತೆಗೆದರು. ಚಾಲಕ ಗಾಡಿಯನ್ನು ರಸ್ತೆಯ ಬದಿಗೆ ಹಾಕಿದ. ಎರಡೂ ಕಡೆ ಗೋವಿನಜೋಳದ ಎಳೆಯ ಪೈರು. ಆಗ ನೋಡಿದರೆ ಮಳೆ ನಿಂತು ಬಿಸಿಲು ಬಿದ್ದಿತ್ತು. ಆಯಿ ಶಿಲುಬೆಯ ಗುರುತು ಮಾಡಿ, “ದೇವರು ದೊಡ್ಡಾಂವ, ನೀರು ಹಾಕೂತನಕ ಉಳಿಸಿದ” ಎಂದಳು. ನನಗೆ ಸಿಟ್ಟು ಬಂತು. ಯಾರ ಮೇಲೆಂದು ತಿಳಿಯದ ಸಿಟ್ಟು.

ಹುಡುಗನನ್ನು ಚರ್ಚಿನ ಹಿಂದೆ ಮಣ್ಣು ಮಾಡಿದರು. ಫಿಲೋಮಿನಾ ಮಗಳೊಂದಿಗೆ ಊರಿಗೆ ಬಂದಾಗ ಆ ಮಣ್ಣಿನ ಮೇಲೆ ಆಗಲೇ ಹುಲ್ಲಿನ ಮೊಳಕೆ. ಅವಳು ಅಳಲಿಲ್ಲ. ಅಳದಿದ್ದುದೇ ನಮಗೆಲ್ಲ ಹೆದರಿಕೆ.

ಬಾಣಂತಿಯ ಭೇಟಿ ನನ್ನ ಕೆಲಸ. ವಾರಕ್ಕೊಮ್ಮೆಯಾದರೂ ತಕ್ಕಡಿ ಹಿಡಿದು ಹೋಗುತ್ತಿದ್ದೆ. ಜಂತಿಗೆ ಕೊಂಡಿ ಹಾಕಿ, ಜೋಳಿಗೆಯಲ್ಲಿ ಹುಡುಗಿಯನ್ನು ಮಲಗಿಸಿ ತೂಗುತ್ತಿದ್ದೆ. ತೂಕ ಏರುತ್ತಿತ್ತು. ಒಂದು ದಿನ ನಾನು ಮುಳ್ಳು ನೋಡುತ್ತಿರುವಾಗ ಫಿಲೋಮಿನಾ ಕೇಳಿದಳು:

“ನೀರು ಹಾಕಿದ ಮ್ಯಾಲೆ ಎಷ್ಟೊತ್ತು ಇದ್ದ ಅಕ್ಕಾರ?”

ಜೋಳಿಗೆ ತೂಗುತ್ತಿತ್ತು. ಅದನ್ನು ಕೈಯಿಂದ ಹಿಡಿದು ನಿಲ್ಲಿಸಿದೆ. “ಭಾಳ ಹೊತ್ತಿಲ್ಲ, ಫಿಲೋಮಿನಾ.”

“ಹಂಗಾದ್ರ ನೀರು ಹಾಕೂತನಕ ಇದ್ದ.”

“ನೀರಿನಿಂದ ಅಲ್ಲ, ಫಿಲೋಮಿನಾ. ಅವನ ಪುಪ್ಪುಸ ಬಲಿತಿರಲಿಲ್ಲ.”

“ನನಗ ಗೊತ್ತೈತ್ರಿ. ನೀವು ಓದಿದವ್ರು, ನಾನೂ ಹತ್ತನೇ ಕ್ಲಾಸಿನತನಕ ಓದೇನಿ. ಆದ್ರ ತಲೀಗೆ ಗೊತ್ತಾದದ್ದು ಕೈಗೆ ಗೊತ್ತಾಗವಲ್ದು.” ಅವಳು ಮಗಳನ್ನು ಜೋಳಿಗೆಯಿಂದ ಎತ್ತಿಕೊಂಡಳು. “ಮಗನ ಹೆಸರು ಹಿಡದು ದೇವರಿಗೆ ಕೊಟ್ಟಿವಿ, ಒಯ್ದ. ಇಕೀದು ಹೆಸರು ಅವಂಗ ಹೇಳೂದಿಲ್ಲ ನಾನು. ನೀರು ಹಾಕಿಸೂದಿಲ್ಲ.”

ಅದು ಅವಳ ತೀರ್ಮಾನ. ಚರ್ಚಿಗೆ ಹೋಗುವುದನ್ನೇ ನಿಲ್ಲಿಸಿದಳು. ಭಾನುವಾರ ಬೇರೆ ಯಾರೋ ಓದುತ್ತಿದ್ದರು; ಆ ದನಿ ನನ್ನ ಕೋಣೆಯವರೆಗೆ ಬರುತ್ತಿರಲಿಲ್ಲ. ರೋಜಿ ಆಯಿಗೆ ಊಟ ಸೇರದಾಯಿತು. ದೀಕ್ಷಾಸ್ನಾನವಾಗದ ಮೊಮ್ಮಗಳು ಸ್ವಲ್ಪ ಸೀನಿದರೂ ಉಪಕೇಂದ್ರಕ್ಕೆ ಓಡಿ ಬರುತ್ತಿದ್ದಳು. ಇನಾಸ ಎರಡು ಕಡೆಗೂ ಸಿಕ್ಕಿಬಿದ್ದಿದ್ದ. “ಹರಕೀ ಹೊತ್ತೇನ್ರಿ ಅಕ್ಕಾರ. ಒಂದು ಕೂಸರ ಕೊಟ್ಟಾನಲ್ಲ, ಊಟಾ ಹಾಕದs ಹೆಂಗ ಬಿಡ್ಲಿ?” ಎಂದು ಒಂದು ದಿನ ಕೇಳಿದ. “ಆದ್ರ ಹಾಕಿದ್ರ ಮಗನ ಸಾವಿಗೆ ಊಟಾ ಹಾಕಿದಂಗ ಆಕ್ಕೈತಿ ಅಂತಾಳ ಆಕಿ.”

ಕರಾವಳಿಯ ಕಡೆಯಿಂದ ಬಂದಿದ್ದ ಹರೆಯದ ಪಾದ್ರಿ ಮನೆಗೆ ಬಂದು ಮಾತಾಡಿದರು. ನಾನು ಅಲ್ಲೇ ಇದ್ದೆ. ಒಳ್ಳೆಯ ಮನುಷ್ಯ. ಪುಸ್ತಕದ ಹಾಗೆ ಕನ್ನಡ ಮಾತಾಡುತ್ತಿದ್ದರು.

“ದೇವರು ಒಂದು ಮಗುವನ್ನಾದರೂ ಉಳಿಸಿಕೊಟ್ಟಿದ್ದಾನೆ, ಫಿಲೋಮಿನಾ. ಅದಕ್ಕಾಗಿ ಕೃತಜ್ಞತೆ ಸಲ್ಲಿಸಬೇಕಲ್ಲವೇ?”

“ಎರಡು ಕೊಡು ಅಂತ ನಾ ಕೇಳಿರಲಿಲ್ರಿ ಫಾದರ್. ಅವನs ಎರಡು ಕೊಟ್ಟ. ತೋರಿಸಿ ಕಸಗೊಂಡ. ಒಂದು ಉಳದೈತಿ ಅಂತ ಕೈ ಮುಗದ್ರ, ಹೋದಾಂವ ನನ್ನ ಮಗಾ ಅಲ್ಲೇನು?”

ಅವರು ಚಹಾ ಕುಡಿದು, ಮಳೆಯಲ್ಲಿ ಕೊಡೆ ಬಿಚ್ಚುವುದನ್ನೂ ಮರೆತು ಹೋದರು.

ಚರ್ಚು ಬಿಟ್ಟವಳು ಬೈಬಲ್ ಬಿಡಲಿಲ್ಲ. ಅದು ನನಗೆ ವಿಚಿತ್ರವೆನಿಸಿತ್ತು. ಆ ಮಳೆಗಾಲವೆಲ್ಲ ಮಧ್ಯಾಹ್ನದ ಹೊತ್ತು ಬಾಗಿಲ ಹೊಸ್ತಿಲಲ್ಲಿ ಕೂತು, ಮಡಿಲಲ್ಲಿ ಮಗಳನ್ನು ಮಲಗಿಸಿಕೊಂಡು ಓದುತ್ತಿದ್ದಳು. ಏಸುವಿನ ಭಾಗವನ್ನಲ್ಲ, ಮುಂಚಿನ ಭಾಗ, ಯೆಹೂದ್ಯರು ಹೀಬ್ರೂ ಭಾಷೆಯಲ್ಲಿ ಬರೆದಿಟ್ಟದ್ದು. ನನಗೂ ಕೆಲಸ ಕಡಿಮೆ ಇದ್ದ ಹೊತ್ತು. ಹೋಗಿ ಕೂರುತ್ತಿದ್ದೆ. ಅವಳು ಓದಿದ್ದನ್ನು ಹೇಳುತ್ತಿದ್ದಳು, ಯಾರದೋ ಮನೆಯ ಜಗಳದ ಸುದ್ದಿ ಹೇಳುವ ಹಾಗೆ.

“ಇದರಾಗ ಎಲ್ಲಾರೂ ದೇವರ ಜೋಡಿ ಜಗಳಾಡ್ಯಾರ್ರಿ ಅಕ್ಕಾರ. ನಾ ಇಷ್ಟು ವರ್ಷ ಓದೇನಿ, ನನಗ ತಿಳದಿದ್ದಿಲ್ಲ. ಈ ಕೀರ್ತನೆ ನೋಡ್ರಿ, ನೀ ನನ್ನ ಕೆಸರಿನಿಂದ ಎತ್ತಿದಿ, ನಿನ್ನ ಉಪಕಾರ ಹೆಂಗ ಮರೀಲಿ ಅಂತ ಹಾಡ್ತಾನ. ಹಾಳಿ ತಿರುವಿದ್ರ, ಎಲ್ಲಿ ಹೋಗಿ ಅಡಗಿದಿ, ನನ್ನ ಮರತೆ ಏನು ಅಂತ ಒದರ್ತಾನ. ನಡುವ ಏನಾತು ಅಂತ ಎಲ್ಲೂ ಬರದಿಲ್ಲ.”

ಇನ್ನೊಂದು ದಿನ ಅವಳು ಒಂದು ಕೀರ್ತನೆಯನ್ನು ಪೂರ್ತಿ ಓದಿ ಹೇಳಿದಳು. ಅದರಲ್ಲಿ ಮೊದಲಿನಿಂದ ಕೊನೆಯವರೆಗೂ ಮೊರೆಯೇ. ಉಳಿದ ಮೊರೆಗಳ ತುದಿಗೆ ಬರುವ ಒಂದು ಸ್ತುತಿಯ ಮಾತು ಅಲ್ಲಿ ಬರುವುದೇ ಇಲ್ಲ, ಕತ್ತಲೆಯ ಮಾತಿನಲ್ಲೇ ಮುಗಿದುಬಿಡುತ್ತದೆ. “ಇದನ್ನ ನಮ್ಮ ಚರ್ಚಿನ್ಯಾಗ ನನ್ನ ಕಡಿಂದ ಎಂದೂ ಓದಿಸಿಲ್ಲ” ಎಂದಳು.

ಆ ಪುಸ್ತಕದಲ್ಲಿ ಮಕ್ಕಳೆಲ್ಲ ಒಂದೇ ದಿನ ಸತ್ತು, ಮೈತುಂಬ ಹುಣ್ಣಾಗಿ ಬೂದಿಯಲ್ಲಿ ಕೂತವನ ಕಥೆ ನನಗೂ ಅಲ್ಪಸ್ವಲ್ಪ ಗೊತ್ತಿತ್ತು. ಕೊನೆಗೆ ಅವನಿಗೆ ಎಲ್ಲವೂ ವಾಪಸು ಬಂತಲ್ಲ ಎಂದೆ.

“ಹೌದ್ರಿ, ಅಷ್ಟs ಮಕ್ಕಳು ಮತ್ತ ಹುಟ್ಟಿದ್ವಂತ. ಬರದಾಂವ ಗಂಡಸು ಇರಬೇಕು.” ಅವಳು ಪುಸ್ತಕ ಮುಚ್ಚಿದಳು. “ಹೊಸಾ ಮಕ್ಕಳ ಹೆತ್ತ ತಾಯಿ ಮದಲಿನವ್ರನ್ನ ಏನು ಮಾಡಿದ್ಲು? ಅದನ್ನ ಬರದಿಲ್ಲ.”

ನನಗೆ ಎದ್ದು ಹೋಗೋಣವೆನಿಸುತ್ತಿತ್ತು, ಹೋದರೆ ಮತ್ತೆ ಅಲ್ಲಿಗೇ ಬರೋಣವೆನಿಸುತ್ತಿತ್ತು. ರಜೆಗೆ ಅಂಬೇವಾಡಿಗೆ ಹೋದರೂ ಹಾಗೇ. ದೇವರ ಕೋಣೆಯಲ್ಲಿ ಅವ್ವ ಆರತಿ ತಟ್ಟೆ ಮುಂದೆ ಹಿಡಿದರೆ ಕೈ ಚಾಚಲು ಮನಸ್ಸಾಗುತ್ತಿರಲಿಲ್ಲ. ನನ್ನ ತೊಡೆಯ ಮೇಲೆ ಆ ಕೂಸಿನ ಭಾರ ಹಾಗೇ ಇತ್ತು. ಇಷ್ಟೇ ಇಷ್ಟು ಭಾರ, ಇಳಿಸಲು ಮಾತ್ರ ಆಗುತ್ತಿರಲಿಲ್ಲ. ಯಾರ ಮುಂದೆಯೂ ಹೇಳಿಕೊಂಡಿರಲಿಲ್ಲ. ಒಂದು ಶುಕ್ರವಾರ ಸಂಜೆ ಅಪ್ಪ, “ಯಾಕವಾ, ನೌಕರಿ ಸೇರವಲ್ದೇನು?” ಎಂದು ಕೇಳಿದಾಗ ಎಲ್ಲ ಹೇಳಿಬಿಟ್ಟೆ. ಆಂಬುಲೆನ್ಸು, ಬಾಟಲಿಯ ಮುಚ್ಚಳ, ನೀರು. ಬೇರೆ ಮತದ ಮಂತ್ರ ಹೇಳಿದ್ದಕ್ಕೆ ಏನಾದರೂ ಅಂದಾರೆಂಬ ಅಳುಕೂ ಇತ್ತು.

ಅಪ್ಪ ಪೂರ್ತಿ ಕೇಳಿಸಿಕೊಂಡರು. ಆಮೇಲೆ, “ಏನು ಹೆಸರಿಟ್ಟಿ?” ಎಂದರು.

“ಬಸ್ತ್ಯಾಂವ.”

“ಬಸ್ತ್ಯಾಂವ” ಎಂದು ತಾವೂ ಒಮ್ಮೆ ಅಂದು ನೋಡಿದರು. ಅಷ್ಟೇ. ಮರುದಿನ ಅವರ ವಾಡಿಕೆಯ ಮಾರುತಿ ಗುಡಿಯಿಂದ ಬರುವಾಗ ಒಡೆದ ತೆಂಗಿನಕಾಯಿಯ ಹೋಳು ತಂದು ನನ್ನ ಕೈಗಿಟ್ಟರು. ಕೂಸಿನ ಹೆಸರಲ್ಲಿ ಕಾಯಿ ಒಡೆಸಿದ್ದರು. ಪೂಜಾರಿ ಹೆಸರನ್ನು ಎರಡು ಮೂರು ಸಲ ಕೇಳಿ, ಬಾಯಿ ತಿರುಗದೆ, ಕೊನೆಗೆ “ಬಸವಣ್ಣ ಅಂತೇನ್ರಿ?” ಎಂದರಂತೆ. “ಅಲ್ರಿ, ಬಸ್ತ್ಯಾಂವ. ಹಂಗs ಹೇಳ್ರಿ, ಇಲ್ಲಾಂದ್ರ ಯಾರಿಗೋ ಮುಟ್ಟತೈತಿ” ಎಂದು ಅಪ್ಪ ಪಟ್ಟು ಹಿಡಿದರಂತೆ.

ಇದನ್ನು ಫಿಲೋಮಿನಾಳಿಗೆ ಹೇಳಬಾರದೆಂದುಕೊಂಡಿದ್ದೆ. ಆದರೆ ಮುಂದಿನ ಭೇಟಿಯಲ್ಲಿ ಮಾತು ಜಾರಿತು. ಪೂಜಾರಿಯ ಮಾತು ಕೇಳಿ ಅವಳು ನಕ್ಕಳು. ಆ ಮನೆಯಲ್ಲಿ ಅಷ್ಟು ತಿಂಗಳಲ್ಲಿ ಯಾರೂ ನಕ್ಕಿರಲಿಲ್ಲ. ಅಡಿಗೆಮನೆಯಿಂದ ಆಯಿ ಗಾಬರಿಯಾಗಿ ಇಣುಕಿದಳು. ನಗುತ್ತ ನಗುತ್ತಲೇ ಫಿಲೋಮಿನಾಳ ದನಿ ಒಡೆಯಿತು. ಮಗಳನ್ನು ನನ್ನ ಕೈಗೆ ಕೊಟ್ಟು, ನೆಲಕ್ಕೆ ಕೂತು, ಮೊಣಕಾಲಲ್ಲಿ ಮುಖವಿಟ್ಟು ಅತ್ತಳು. ನಾನೂ ಆಯಿಯೂ ತಡೆಯಲಿಲ್ಲ.

ಮುಖ ತೊಳೆದು ಬಂದು ಹೇಳಿದಳು: “ಇಲ್ಲೆ ಎಲ್ಲಾರೂ ಹುಡುಗೀದಷ್ಟ ಮಾತಾಡ್ತಾರ್ರಿ ಅಕ್ಕಾರ. ಅವನ ಹೆಸರು ತಗದ್ರ ನಾ ಅಳ್ತೇನಿ ಅಂತ ಯಾರೂ ತಗ್ಯೂದಿಲ್ಲ. ನಿಮ್ಮಪ್ಪ ಅಷ್ಟು ಮಂದ್ಯಾಗ ಬಾಯಿ ಬಿಟ್ಟು ಅಂದ್ರಲ್ಲ.” ಮಗಳನ್ನು ನನ್ನ ಕೈಯಿಂದ ತೆಗೆದುಕೊಂಡು, “ನಾನೂ ಮಂದ್ಯಾಗ ಅನಬೇಕು. ಚರ್ಚಿಗೆ ಬರ್ತೇನಿ ಅಂತ ಫಾದರಗ ಹೇಳ್ರಿ. ಇಕೀಗೆ ನೀರೂ ಹಾಕಿಸ್ತೇನಿ. ಆದ್ರ ಅವತ್ತಿನ ಓದು ನಂದು. ಏನು ಓದಬೇಕು ಅನ್ನೂದೂ ನಂದು.”

ಪಾದ್ರಿಗೆ ಇಕ್ಕಟ್ಟಾಯಿತು. ಕತ್ತಲೆಯಲ್ಲಿ ಮುಗಿಯುವ ಕೀರ್ತನೆಯನ್ನು ಕೃತಜ್ಞತೆಯ ಪೂಜೆಯಲ್ಲಿ, ಅದೂ ಒಂದು ಕೂಸಿನ ದೀಕ್ಷಾಸ್ನಾನದ ದಿನ ಓದಿಸುವುದು ಹೇಗೆ? ಅವರು ಎರಡು ದಿನ ಪುಸ್ತಕ ತಿರುವಿ ಒಂದು ಭಾಗ ಹುಡುಕಿ ತಂದರು. ತನ್ನ ಜನರಿಂದ ಹೊಡೆತ ತಿಂದ ಒಬ್ಬ ಪ್ರವಾದಿಯ ಮಾತುಗಳು ಅವು. ನೀನೇ ನನ್ನನ್ನು ಮರುಳುಮಾಡಿದೆ ಎಂದು ದೇವರನ್ನೇ ದೂರಿ, ಕೊನೆಗೆ, ದೇವರಿಗೆ ಹಾಡಿರಿ, ಬಡವನ ಜೀವ ಉಳಿಸಿದ್ದಾನೆ ಎನ್ನುವಲ್ಲಿಗೆ ಮುಟ್ಟುತ್ತವೆ. “ಇದರಲ್ಲಿ ನಿನ್ನ ದುಃಖವೂ ಇದೆ, ಸ್ತುತಿಯೂ ಇದೆ. ಇಲ್ಲಿಂದ ಇಲ್ಲಿಯವರೆಗೆ” ಎಂದು ಸ್ತುತಿಯ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದರು. ಫಿಲೋಮಿನಾ ನೋಡಿ, “ಆತ್ರಿ ಫಾದರ್” ಎಂದಳು. ನಮಗೆಲ್ಲ ಸಮಾಧಾನವಾಯಿತು.

ಹೊಸ ತೆನೆಯ ಹಬ್ಬ ಮುಗಿದ ಮೇಲಿನ ಭಾನುವಾರ. ಮಳೆ ಇನ್ನೂ ಬಿಟ್ಟಿರಲಿಲ್ಲ. ಚರ್ಚು ತುಂಬಿತ್ತು, ದರ್ಗಾದ ಕಡೆಯವರೂ ಗುಡಿಯ ಕಡೆಯವರೂ ಹಿಂದೆ ನಿಂತಿದ್ದರು. ತೊಯ್ದು ಬಂದವರ ಮೈಯ ಹಬೆ, ಮೇಣದ ಹೊಗೆ. ನಾನು ಹೆಂಗಸರ ಬೆಂಚಿನಲ್ಲಿ ಆಯಿಯ ಪಕ್ಕ ಕೂತಿದ್ದೆ. ಇನಾಸ ಮಗಳನ್ನು ಎತ್ತಿಕೊಂಡು ಬಾಗಿಲ ಹತ್ತಿರವೇ ನಿಂತಿದ್ದ.

ಫಿಲೋಮಿನಾ ಓದಲು ನಿಂತಳು. ಅದೇ ದನಿ. ಪ್ರವಾದಿಯ ದೂರು ಓದಿದಳು, ಜನ ತಲೆದೂಗಿದರು. ಸ್ತುತಿಯ ಸಾಲಿಗೆ ಬಂದಳು. ಅದನ್ನೂ ಪೂರ್ತಿ ಬಾಯಿತುಂಬ ಓದಿದಳು, ಕಳ್ಳತನ ಮಾಡದೆ. ಪಾದ್ರಿ ಏಳಲು ಸಿದ್ಧರಾದರು. ಅವಳು ಉಸಿರೆಳೆದುಕೊಂಡಳು, ನಿಲ್ಲಿಸಲಿಲ್ಲ.

ಪೆನ್ಸಿಲ್ ಗೆರೆಯ ಕೆಳಗಿನ ಸಾಲುಗಳಲ್ಲಿ ಏನಿದೆಯೆಂದು ಅಲ್ಲಿ ಪಾದ್ರಿಯೊಬ್ಬರಿಗೇ ಗೊತ್ತಿದ್ದೀತು. ಹಾಡಿರಿ ಎಂದ ಬಾಯಿಯಲ್ಲೇ ಆ ಪ್ರವಾದಿ ಮುಂದಿನ ಸಾಲಿನಲ್ಲಿ ತಾನು ಹುಟ್ಟಿದ ದಿನಕ್ಕೆ ಶಾಪ ಹಾಕುತ್ತಾನೆ. ನಡುವೆ ಒಂದು ಮಾತಿಲ್ಲ, ಆದರೆ ಎಂಬುದೂ ಇಲ್ಲ. ಗಂಡು ಹುಟ್ಟಿದೆ ಎಂದು ತಂದೆಗೆ ಸುದ್ದಿ ಮುಟ್ಟಿಸಿ ಅವನನ್ನು ಹಿಗ್ಗಿಸಿದ ಮನುಷ್ಯನಿಗೂ ಶಾಪ ಹಾಕುತ್ತಾನೆ. ಅದು ಕಿವಿಗೆ ಬಿದ್ದಾಗ ನಾನು ಬೆಂಚಿನ ಅಂಚು ಹಿಡಿದುಕೊಂಡೆ. ಆಸ್ಪತ್ರೆಯ ಪಡಸಾಲೆ, ಇನಾಸ ಹಣೆಗೆ ಒತ್ತಿಕೊಂಡ ನನ್ನ ಕೈಗಳು. ಪಾದ್ರಿ ಕೈ ಎತ್ತಿದರು, ಎತ್ತಿದ ಕೈಯನ್ನು ಹಾಗೇ ಇಳಿಸಿ ಕೂತರು. ತಾಯಿಯ ಹೊಟ್ಟೆಯೇ ತನಗೆ ಗೋರಿಯಾಗಬಾರದಿತ್ತೇ ಎನ್ನುವ ತನಕ ಫಿಲೋಮಿನಾ ಓದಿದಳು. ಅವಳ ದನಿ ಎಲ್ಲೂ ನಡುಗಲಿಲ್ಲ. ಕೊನೆಯ ಸಾಲು ಮುಗಿಸಿ ತಲೆ ಎತ್ತಿ, “ಇದು ಪ್ರಭುವಿನ ವಾಕ್ಯ” ಎಂದಳು.

ಓದು ಮುಗಿದ ಮೇಲೆ ಜನರೆಲ್ಲ ಒಟ್ಟಿಗೆ ದೇವರಿಗೆ ಕೃತಜ್ಞತೆ ಹೇಳುವುದು ಅಲ್ಲಿಯ ಕ್ರಮ. ಯಾರೂ ಬಾಯಿ ತೆರೆಯಲಿಲ್ಲ. ಆ ಮಾತುಗಳಿಗೆ ಹೇಗೆ ಕೃತಜ್ಞತೆ ಹೇಳುವುದು? ಹಂಚಿನ ಮೇಲೆ ಮಳೆಯ ಸದ್ದು. ಫಿಲೋಮಿನಾ ಪುಸ್ತಕದ ಮೇಲೆ ಕೈಯಿಟ್ಟು ನಿಂತೇ ಇದ್ದಳು. ಆಗ ಬಾಗಿಲ ಹತ್ತಿರದಿಂದ ಇನಾಸ, “ಬಸ್ತ್ಯಾಂವ” ಎಂದ. ಅದು ಕೂಗೂ ಅಲ್ಲ, ಪಿಸುಮಾತೂ ಅಲ್ಲ. ಆಮೇಲೆ, “ದೇವರಿಗೆ ಕೃತಜ್ಞತೆ” ಎಂದ. ನನ್ನ ಪಕ್ಕದಲ್ಲಿ ಆಯಿ ಅಂದಳು. ಬೆಂಚಿನಿಂದ ಬೆಂಚಿಗೆ ಒಬ್ಬೊಬ್ಬರೇ ಅಂದರು, ಒಟ್ಟಿಗಲ್ಲ, ಹಿಂದೆಮುಂದಾಗಿ. ಪಾದ್ರಿಯೂ ಅಂದರು. ಬರೆದು ತಂದಿದ್ದ ಪ್ರವಚನದ ಕಾಗದವನ್ನು ಅವರು ಅವತ್ತು ತೆಗೆಯಲೇ ಇಲ್ಲ.

ನೀರಿನ ಹೊತ್ತು ಬಂತು. ಕೊಂಚ ಬಾಗಿದ ಕೂಸಿನ ತಲೆ, ಅದರ ಮೇಲೆ ಫಿಲೋಮಿನಾಳ ಅಂಗೈ. ಪಾದ್ರಿ ನೀರು ತುಂಬಿಕೊಂಡು ಕಾದರು. ಅವಳು ಕೈ ತೆಗೆಯಲಿಲ್ಲ.

“ಅಕ್ಕಾರ, ಇಲ್ಲಿ ಬರ್ರಿ” ಎಂದು ಕರೆದಳು. “ಇಕಿ ಎದೀಮ್ಯಾಲೆ ಕೈ ಇಡ್ರಿ. ತಗೀಬ್ಯಾಡ್ರಿ.”

ಹೋಗಿ ಎರಡು ಬೆರಳು ಇಟ್ಟೆ. ಕೂಸಿನ ಎದೆ ದಡಬಡ ಬಡಿಯುತ್ತಿತ್ತು. ಫಿಲೋಮಿನಾ ನನ್ನ ಕಣ್ಣನ್ನೇ ನೋಡುತ್ತ ಅಂಗೈ ಸರಿಸಿದಳು. ನೀರು ಬಿತ್ತು. ಕೂಸು ಬೆಚ್ಚಿ, ಉಸಿರು ಬಿಗಿಹಿಡಿಯಿತು. ಆಮೇಲೆ ಚರ್ಚಿನ ಗೋಡೆ ಬಿರಿಯುವ ಹಾಗೆ ಕಿರುಚಿತು.

“ನಡದೈತಿ” ಎಂದೆ. “ಛಲೋ ನಡದೈತಿ, ಫಿಲೋಮಿನಾ.”

ಊಟಕ್ಕೆ ಇಡೀ ಊರು ಕೂತಿತು. ಇನಾಸ ತಾನೇ ಬಡಿಸಿದ. ನಾನು ಎಲೆಯ ಮುಂದೆ ಅನ್ನ ಕಲೆಸುತ್ತ ಕೂತಿದ್ದೆ. ಫಿಲೋಮಿನಾ ಸಾರಿನ ಪಾತ್ರೆ ಹಿಡಿದು ಬಂದವಳು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತಳು.

“ಸುದ್ದಿ ಹೇಳಿದಾಕಿ ನಾನs ಅಲ್ಲೇನು?” ಎಂದೆ.

“ನಿಮಗ ಬೈದದ್ದಲ್ರಿ” ಎಂದಳು. “ಆ ಮಾತು ಬಂದಾಗ ನಿಮ್ಮ ಕಡೆ ನೋಡಬೇಕು ಅಂತಿದ್ದೆ, ಧೈರ್ಯ ಆಗಲಿಲ್ಲ. ನೀವು ಸುದ್ದಿ ಹೇಳಿದ್ದಕ್ಕ ಅವರಪ್ಪ ಒಂದು ದಿನ ಎರಡು ಮಕ್ಕಳ ತಂದಿ ಆಗಿದ್ದ. ಅದೊಂದು ದಿನಾನೂ ಇರಲಿಲ್ಲಾಂದ್ರ ಏನು ಮಾಡ್ತಿದ್ವಿ?” ಎಂದು ಸಾರು ಹಾಕಿ, “ಉಣ್ಣರಿ, ಆರತೈತಿ” ಎಂದು ಎದ್ದಳು.

ಆ ಚಳಿಗಾಲಕ್ಕೆ ನನ್ನ ವರ್ಗಾವಣೆಯ ಆದೇಶ ಬಂತು, ಜೋಯಿಡಾದ ಕಡೆಗೆ. ಅಷ್ಟರಲ್ಲಿ ಫಿಲೋಮಿನಾ ಮತ್ತೆ ಭಾನುವಾರದ ಓದಿಗೆ ಹೋಗತೊಡಗಿದ್ದಳು. ಹೊರಡುವ ದಿನ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಸ್ಸಿನ ತನಕ ಬಂದಳು. ಅಷ್ಟು ದಿನ ನಾಲಿಗೆಯ ತುದಿಯಲ್ಲಿದ್ದುದನ್ನು ಕೇಳಿದೆ.

“ಈಗ ದೇವರಿಗೆ ಕೈ ಮುಗೀತಿ ಏನು?”

“ಇಕಿ ನಕ್ಕಾಗ ಮುಗೀತೇನ್ರಿ. ಖರೇನ ಮನಸು ತುಂಬಿ ಬರತೈತಿ. ಆಮ್ಯಾಲೆ ಅದs ಬಾಯಿಲೆ, ಇನ್ನೊಬ್ಬಾಂವ ಎಲ್ಲಿ ಅಂತ ಕೇಳ್ತೇನಿ. ಎರಡಕ್ಕೂ ಅವ ಮಾತಾಡೂದಿಲ್ಲ.”

“ಮತ್ತ ಯಾಕ ಹೋಗ್ತಿ?”

“ಜಗಳ ಮುಗದಿಲ್ಲಲ್ರಿ” ಎಂದಳು, ಇಷ್ಟೂ ತಿಳಿಯದೇ ಎನ್ನುವ ಹಾಗೆ.

ಬಸ್ಸು ಬಂತು. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಅವಳು ಮಗಳ ಕೈಯೆತ್ತಿ ಬೀಸಿಸಿದಳು. ತಿರುವು ದಾಟಿ ಅವರಿಬ್ಬರೂ ಮರೆಯಾದ ಮೇಲೆ, ನನಗೆ ತಿಳಿಯದೆಯೇ ನನ್ನ ತುಟಿ ಅಲ್ಲಾಡುತ್ತಿತ್ತು. ಬಸ್ತ್ಯಾಂವ ಎಂದೆ. ನನ್ನ ತೊಡೆಯ ಮೇಲೇ ಯಾಕೆ ಎಂದೆ. ನನ್ನ ಕೈಯಿಂದಲೇ ಹೆಸರಿಡಿಸಿ ಆಮೇಲೆ ಯಾಕೆ ಎಂದೆ. ಕಂಡಕ್ಟರ್ ಬಂದು, “ಎಲ್ಲಿಗ್ರಿ ಅಕ್ಕಾರ?” ಎಂದಾಗ ಹಳಿಯಾಳ ಎಂದು ಚೀಟಿ ತೆಗೆದುಕೊಂಡು, ಮತ್ತೆ ಕಿಟಕಿಯ ಕಡೆ ತಿರುಗಿ, ಬಿಟ್ಟಲ್ಲಿಂದ ಶುರುಮಾಡಿದೆ.